ಹತ್ತು ಬೆರಳಿನ ಹಾಳಿ

ಬಿ.ಎ. ಎರಡನೇ ವರ್ಷ. ಇತಿಹಾಸ, ಸಮಾಜಶಾಸ್ತ್ರ,
ಮತ್ತ ಅಪರಾಧಶಾಸ್ತ್ರ.
ಮೂರನೇದು ಯಾಕ ತಗೊಂಡಿ ಅಂದ್ರ
ಆ ಸಾಲಿನ್ಯಾಗ ಮಂದಿ ಕಡಿಮಿ ನಿಂತಿದ್ರು,
ನನ್ನ ರೈಲಿಗೆ ಟೈಮ್ ಆಗಿತ್ತು.

ಕಲಬುರಗಿ ಬಿಸಿಲಿಗೆ ಲ್ಯಾಬಿನ ಗಾಜಿನ ಮ್ಯಾಲೆ
ಮಸಿ ಬ್ಯಾಗ ಒಣಗತದ.
ಜಗದೇವಿ ಮೇಡಂ ರೋಲರ್ ಎಳಕೋತ ಹೇಳತಾರ:
"ತಾಯಿ ಹೊಟ್ಟ್ಯಾಗ ನಾಕನೇ ತಿಂಗಳಿಗೆ ಮೂಡಿದ ಗೆರಿ
ಮಣ್ಣಾಗೂತನಕ ಬದಲಾಗಂಗಿಲ್ಲ. ಬರಕೋರಿ."
ಬರಕೊಂಡ್ವಿ. ಕೆಂಪು ಪೆನ್ನಿಲೆ ಅಡಿಗೆರಿ ಎಳದ್ವಿ.

ಕುಣಿಕಿ, ಸುಳಿ, ಕಮಾನು.
ಜಗತ್ತಿಗೆಲ್ಲ ಇವೇ ಮೂರು ಜಾತಿ ಅಂದಾಗ
ಹಿಂದಿನ ಬೆಂಚಿನ ಮೊಹಸಿನಾ ಸಣ್ಣಗ ನಕ್ಕಳು:
"ಭಾಳ ಚಲೋ ಆಯ್ತಲ್ಲ."

ಮನಿಗೆಲಸ: ಗುರುತಿನ ಮಂದಿಯ ಹತ್ತತ್ತು ಬೆರಳು, ಐದು ಹಾಳಿ.
ಮಸಿ ಟ್ಯೂಬು ಟಿಫಿನ್ ಡಬ್ಬಿ ಬಾಜು ಇಟ್ಟು
ವಾಡಿ ಪ್ಯಾಸೆಂಜರಿನ್ಯಾಗ ಬಾಗಲ ಕಡೆ ನಿಂತು ಬಂದೆ.

ಶಹಾಬಾದಿನ್ಯಾಗ ನಮ್ಮನಿ, ಪಾಲಿಶ್ ಕಾರ್ಖಾನಿ ಹಿಂದ.
ನಂದು ಕುಣಿಕಿ. ಅಣ್ಣಂದು ಸುಳಿ,
ಆಟೊ ಹ್ಯಾಂಡಲಿನ ಗ್ರೀಸು ಬ್ಯಾರೆ ಅಂಟಿತ್ತು.
ಆಯಿದು ಕಮಾನು, ನಡುವ ಇಳಗಿ ಕೊಯ್ದ ಗಾಯ.
ಬಾಜು ಮನಿ ಖಾಜಾಬಿ ಮೆಹೆಂದಿ ಕೈ ತೊಳಕೊಂಡು ಬಂದು
"ಠಾಣಾಕ್ಕ ಕೊಡ್ತಿ ಏನ?" ಅಂತ ಮೂರು ಸಲ ಕೇಳಿ
ಎಡಗೈ ಅಷ್ಟೇ ಕೊಟ್ಟಳು.

ಆಮ್ಯಾಲೆ ಅವ್ವ.
ಹಸಿ ಪರಸಿ ಹೊತ್ತು, ತಿಕ್ಕಿ, ನೀರಾಗ ಅದ್ದಿ, ಒರಸಿ
ಹದಿನೆಂಟು ವರ್ಷ.
ಒತ್ತಿದೆ. ಕರೇ ಬೊಟ್ಟು.
ಕೈ ತೊಳಸಿ ಮತ್ತ ಒತ್ತಿದೆ. ಕರೇ ಬೊಟ್ಟು.
ಮಸಿ ಕಡಿಮಿ ಮಾಡಿ, ಮೆಲ್ಲಕ ಉರುಳಿಸಿ ಒತ್ತಿದೆ.
ಕೊಬ್ಬರಿ ಎಣ್ಣಿ ಹಚ್ಚಿ ರಾತ್ರಿ ಮಲಗಿಸಿ
ಮುಂಜಾನೆ ಒತ್ತಿದೆ.
ಹತ್ತು ಚೌಕದಾಗ ಹತ್ತು ಹುಣಸಿ ಬೀಜ.

ಅವ್ವ ಹಾಳಿ ನೋಡಿ ನಕ್ಕಳು:
"ನಾ ಕಳವು ಮಾಡಿದ್ರ ನಿಮ್ಮ ಮೇಡಂಗ ಸಿಗಂಗಿಲ್ಲ ಬಿಡು."
ಮತ್ತ ತಾನೇ ನಗು ನುಂಗಿ:
"ರೇಶನ್ ಅಂಗಡಿ ಮಷೀನಿಗೂ ಸಿಗಂಗಿಲ್ಲ.
ಹೋದ ತಿಂಗಳ ಎರಡು ಸಲ ಖಾಲಿ ಚೀಲ ತಂದೀನಿ.
ಮೂರನೇ ಸಲ ನಿಮ್ಮಣ್ಣನ ಹೆಬ್ಬೆರಳು ಕರಕೊಂಡು ಹೋದೆ."

ನನ್ನ ಪುಸ್ತಕದಾಗ ಕಳ್ಳರ ಬಗ್ಗೆ ಅದ.
ಗ್ಲೌಸ್ ಹಾಕ್ಕೊಂಡವರು, ಆಸಿಡ್ಡಿಲೆ ಬೆರಳು ಸುಟಗೊಂಡವರು.
ಗುರುತು ಮುಚ್ಚಿಡಾಕ ಅವರು ಪಟ್ಟ ಪಾಡು ಏಳು ಪುಟ.
ಗುರುತು ಸಿಗಲಿ ಅಂತ ಎಣ್ಣಿ ಹಚಗೊಂಡು ಮಲಗಿದವರದು
ಹುಡುಕಿದೆ.
ಹಿಂದಿನ ಶಬ್ದಪಟ್ಟಿನ್ಯಾಗೂ ಇಲ್ಲ.

ಶುಕ್ರವಾರ ಕೋರ್ಟ್ ತೋರಸಾಕ ಕರಕೊಂಡು ಹೋದ್ರು.
ಸರಕಾರಿ ವಕೀಲ ಸಾಹೇಬ್ರು ಹೇಳಕೋತ ಹೊಂಟ್ರು: ಇದು ಕಟಕಟಿ,
ಇದು ಸಾಕ್ಷಿ ನಿಲ್ಲೂ ಜಾಗ, ಮೊಬೈಲ್ ಬಂದ್ ಮಾಡ್ರಿ.
ಎಲ್ಲಾರೂ ಮ್ಯಾಲೆ ನೋಡಕೋತ ನಡದ್ರು.
ನಾ ಕೆಳಗ ನೋಡಿದೆ.
ಪರಸಿ. ಕಟಕಟಿ ಕೆಳಗ ಪರಸಿ,
ಜಡ್ಜ್ ಕುರ್ಚಿ ಕೆಳಗೂ ಅದೇ ಪರಸಿ.
ವರಾಂಡದಾಗ ಪೊಲೀಸನ ಬಾಜು ಕುಂತ ಒಬ್ಬ ಹುಡುಗ
ಚಪ್ಪಲಿ ಬಿಟ್ಟು ಅಂಗಾಲು ತಂಪು ಮಾಡಕೋತಿದ್ದ.
"ಏನ್ ಬಿದ್ದದ, ಏನ್ ಹುಡಕ್ತಿ?" ಅಂದ್ಲು ಮೊಹಸಿನಾ.
ಏನಿಲ್ಲ ಅಂದೆ.

ಜರ್ನಲ್ ಕೊಡೂ ಹಿಂದಿನ ರಾತ್ರಿ ಐದನೇ ಹಾಳಿ ಅಂಟಿಸಿದೆ.
ಹೆಸರು: ಹುಸೇನಮ್ಮ. ವಯಸ್ಸು: ಅಂದಾಜು ನಲವತ್ತೆರಡು.
ಗೆರಿಯ ಜಾತಿ ಅನ್ನೂ ಕಾಲಮ್ಮಿನ್ಯಾಗ
ಭಾಳೊತ್ತು ಪೆನ್ನು ಹಿಡದು ಕುಂತು
"ಪರಸಿ" ಅಂತ ಬರದೆ.

ಮೇಡಂ ಆ ಶಬ್ದಕ್ಕ ಕೆಂಪು ಸುತ್ತು ಹಾಕ್ಯಾರ.
ತಪ್ಪು ಅಂತ ಹಾಕಿಲ್ಲ, ಸರಿ ಅಂತನೂ ಇಲ್ಲ.
ಹತ್ತಕ್ಕ ಏಳು.

ಅವ್ವನ ಉಗುರ ಸಂದ್ಯಾಗ ಮಸಿ ಇನ್ನೂ ಅದ,
ಸೀಮೆಎಣ್ಣಿಗೂ ಹೋಗಿಲ್ಲ, ಬೂದಿಗೂ ಹೋಗಿಲ್ಲ.
ನಾಳಿ ಪಾಳಿ ಆರಕ್ಕ.
ಕಲ್ಲಿಗೆ ಕಲಿ ಹತ್ತೀತು ಅಂತ
ಕೊಡದ ಬಾಜು ಕುಂತು ತಿಕ್ಕಕೋತ ಇದ್ದಾಳ.